ಹಾಸನದಲ್ಲಿ ಕ್ಯಾಸೆಟ್‌ನಿಂದ ಡಿಜಿಟಲ್‌ಗೆ: ಫರ್ಹಾದ್ ಮೆಹ್ರಾದ್ ಅವರ ದನಿಯನ್ನು ಉಳಿಸಿಕೊಟ್ಟ ಅಂಗಡಿ

ಹಾಸನದ ಬಿ.ಎಂ. ರಸ್ತೆಯಲ್ಲಿರುವ ರೇಡಿಯೊ ರಿಪೇರಿ ಅಂಗಡಿಯೊಂದರಲ್ಲಿ ಹಳೆಯ ಕ್ಯಾಸೆಟ್‌ಗಳನ್ನು ಡಿಜಿಟಲ್ ರೂಪಕ್ಕೆ ಇಳಿಸಿಕೊಡುತ್ತಾರೆ. ನಾನು ಕೊಟ್ಟದ್ದು ಇರಾನಿನ ಗಾಯಕ ಫರ್ಹಾದ್ ಮೆಹ್ರಾದ್ ಅವರ ಹಾಡುಗಳ ಕ್ಯಾಸೆಟ್. ಮೈಸೂರಿನಲ್ಲಿ ಓದುತ್ತಿದ್ದಾಗ ಇರಾನಿ ಸಹಪಾಠಿಯೊಬ್ಬರು ನಕಲು ಮಾಡಿಕೊಟ್ಟದ್ದು. ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಟೇಪಿನ ಅಂಚಿಗೆ ಬಿಳಿ ಬೂಷ್ಟು ಹಿಡಿದಿತ್ತು, ಟೇಪನ್ನು ಒತ್ತಿ ಹಿಡಿಯುವ ಒಳಗಿನ ಪುಟ್ಟ ಫೆಲ್ಟ್ ಪ್ಯಾಡ್ ಕಳಚಿಬಿದ್ದಿತ್ತು.

ಈ ಕೆಲಸವನ್ನು ಅಳೆಯಲು ಫರ್ಹಾದ್ ಅವರ ದನಿಗಿಂತ ಕಠಿಣ ಪರೀಕ್ಷೆ ಬೇಕಿಲ್ಲ. 1944ರಲ್ಲಿ ಟೆಹರಾನಿನಲ್ಲಿ ಹುಟ್ಟಿದ ಅವರು ‘ಬ್ಲ್ಯಾಕ್ ಕ್ಯಾಟ್ಸ್’ ತಂಡದೊಂದಿಗೆ ಪಾಶ್ಚಾತ್ಯ ಹಾಡುಗಳನ್ನು ಹಾಡುತ್ತಿದ್ದವರು. ‘ರೆಜಾ ಮೊತೊರಿ’ ಚಿತ್ರದ ‘ಮರ್ದೆ ತನ್ಹಾ’ ಮತ್ತು 1971ರ ‘ಜೋಮೆ’ ಹಾಡುಗಳಿಂದ ಮನೆಮಾತಾದರು. ಎರಡಕ್ಕೂ ಸಾಹಿತ್ಯ ಶಹಯಾರ್ ಘನ್ಬರಿ ಅವರದು, ಸಂಗೀತ ಎಸ್ಫಂದಿಯಾರ್ ಮೊನ್ಫರೆದ್‌ಜಾದೆ ಅವರದು. ಇರಾನಿನಲ್ಲಿ ವಾರದ ರಜೆಯಾದ ಶುಕ್ರವಾರವನ್ನೇ ನೋವಿನ, ನೆತ್ತರಿನ ದಿನವಾಗಿ ಕಾಣಿಸುವ ‘ಜೋಮೆ’ಯನ್ನು ಅವರು ಎಲ್ಲಿಯೂ ಕಿರುಚದೆ ಹಾಡುತ್ತಾರೆ, ಸಾಲಿನ ಕೊನೆಯಲ್ಲಿ ದನಿ ತಗ್ಗಿ ಬರಿಯ ಉಸಿರಾಗುವ ಆ ಗಳಿಗೆಯಲ್ಲೇ ಹಾಡಿನ ಕೋಪವೆಲ್ಲ ಇದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. 1979ರ ಇರಾನ್ ಕ್ರಾಂತಿಯ ವೇಳೆ ‘ವಹ್ದತ್’ ಹಾಡಿದ ಇದೇ ಗಾಯಕರಿಗೆ ಮುಂದೆ ಆಲ್ಬಮ್ ಹೊರತರಲು ಹಲವು ವರ್ಷ ಅವಕಾಶ ಸಿಗಲಿಲ್ಲ. ‘ಖಾಬ್ ದರ್ ಬಿದಾರಿ’ ಬಂದದ್ದು 1993ರಲ್ಲಿ. ಆಧುನಿಕ ಪರ್ಷಿಯನ್ ಕಾವ್ಯದ ಹಿರಿಯ ನೀಮಾ ಯೂಶಿಜ್ ಅವರ ಕವಿತೆಯನ್ನೂ ಅವರು ಹಾಡಿದರು. 2002ರ ಆಗಸ್ಟ್ 31ರಂದು ಪ್ಯಾರಿಸ್‌ನಲ್ಲಿ ತೀರಿಕೊಂಡರು.

ಅಂಗಡಿಯವರು ಕ್ಯಾಸೆಟ್ಟಿನ ಸ್ಕ್ರೂಗಳನ್ನು ಬಿಚ್ಚಿ, ಬೂಷ್ಟನ್ನು ಒಣಬಟ್ಟೆಯಿಂದ ಒರೆಸಿ, ಬೇರೊಂದು ಕ್ಯಾಸೆಟ್ಟಿನ ಪ್ಯಾಡ್ ಕೂರಿಸಿದರು. ಬಳಿಕ ಡೆಕ್ಕಿನಲ್ಲಿ ಟೇಪನ್ನು ಓದುವ ಹೆಡ್ಡನ್ನು ಸ್ಪಿರಿಟ್ಟಿನಿಂದ ತೊಳೆದು, ಅದರ ಪಕ್ಕದ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತ ಕಿವಿಗೊಟ್ಟು ಕೇಳಿದರು; ಮಂಕಾಗಿದ್ದ ಪಿಯಾನೊ ನಮ್ಮೆದುರೇ ತಿಳಿಯಾಯಿತು. ಮೊದಲ ಮಾದರಿಯಲ್ಲಿ ಸಾಫ್ಟ್‌ವೇರ್ ಟೇಪಿನ ‘ಹಿಸ್’ ಎಂಬ ಹಿನ್ನೆಲೆ ಸದ್ದಿನ ಜೊತೆಗೆ ಫರ್ಹಾದ್ ಅವರ ಉಸಿರನ್ನೂ ಅಳಿಸಿಹಾಕಿತ್ತು. ಹಾಗೆ ಹೇಳಿದಾಗ ಅವರು ಬೇಸರಿಸದೆ, ಶುದ್ಧೀಕರಣವಿಲ್ಲದ ಪ್ರತಿಯನ್ನು ಮತ್ತೆ ಮಾಡಿಕೊಟ್ಟರು. ಸಣ್ಣ ಹಿಸ್ ಉಳಿದಿದೆ, ಉಸಿರೂ ಉಳಿದಿದೆ. ಕ್ಯಾಸೆಟ್ ಕೊಡುವಾಗಲೇ ಶುದ್ಧೀಕರಣ ಬೇಡವೆಂದು ತಿಳಿಸುವುದು ಒಳ್ಳೆಯದು.

ಕೊರತೆಯೆಂದರೆ ಹಾಡುಗಳನ್ನು ಬಿಡಿಬಿಡಿಯಾಗಿ ಕತ್ತರಿಸಿ ಹೆಸರಿಡುವುದಿಲ್ಲ, ಒಂದೊಂದು ಬದಿಗೆ ಒಂದೇ ಉದ್ದದ ಫೈಲ್ ಸಿಗುತ್ತದೆ. ಪೆನ್‌ಡ್ರೈವ್ ನಾವೇ ಒಯ್ಯಬೇಕು. ತುಂಡಾದ ಟೇಪನ್ನು ಅಂಟಿಸಿಕೊಡುತ್ತಾರೆ; ವಿಡಿಯೊ ಕ್ಯಾಸೆಟ್‌ಗಳನ್ನು ತೆಗೆದುಕೊಳ್ಳುವುದಿಲ್ಲ.