ಬಾಡಿಗೆಯ ಜೋಡಿ ಸಿಲಿಂಡರ್ ಕಿಟ್ ತರಿಸಿಕೊಳ್ಳುವವರ ಗಮನಕ್ಕೆ

ಆಲಮಟ್ಟಿ ಹಿನ್ನೀರಿನ ಜಾಕ್‌ವೆಲ್‌ಗಳ (ನೀರೆತ್ತುವ ಬಾವಿಗಳ) ಜಾಲರಿ ಪರಿಶೀಲಿಸಲು ಕರಾವಳಿಯಿಂದ ಡೈವಿಂಗ್ ಕಿಟ್ ಬಾಡಿಗೆಗೆ ತರಿಸಿಕೊಳ್ಳುವವರು ಬಾಗಲಕೋಟೆಯ ಸುತ್ತ ಇನ್ನೂ ಇರಬಹುದೆಂದು ಇದನ್ನು ಬರೆಯುತ್ತಿದ್ದೇನೆ. ನಮಗೆ ಬಂದದ್ದು 12 ಲೀಟರಿನ ಎರಡು ಸ್ಟೀಲ್ ಸಿಲಿಂಡರ್, ಅವನ್ನು ಬೆನ್ನಿಗೆ ಕಟ್ಟುವ ಸ್ಟೀಲ್ ಬ್ಯಾಕ್‌ಪ್ಲೇಟ್ ಹಾಗೂ ತೇಲಲು ಗಾಳಿ ತುಂಬುವ, ಒಂದೇ ಗಾಳಿಚೀಲದ ವಿಂಗ್. ಕಿಟ್‌ನಲ್ಲಿ ಮುಳುಗಲು ಭಾರವಾಗಿ ಹಾಕುವ ಸೀಸ ಬೇರೆ ಇದೆಯೇ ಎಂದು ಕೇಳಿದಾಗ, ಒಂದು ಗ್ರಾಂ ಕೂಡ ಇಲ್ಲವೆಂದು ಫೋನಿನಲ್ಲಿ ಖಚಿತವಾಗಿ ಹೇಳಿದ್ದರು.

ದೋಣಿಗೆ ಕಟ್ಟಿದ ಹಗ್ಗದ ಗುಂಟ ಇಳಿಯುವಾಗ, ತಳ ಸಮೀಪಿಸುತ್ತಿದ್ದಂತೆ ವಿಂಗ್‌ಗೆ ಗಾಳಿ ತುಂಬಿದೆ. ಮೇಲ್ಭಾಗದ ಕೊಳವೆಯ ಜೋಡಣೆ ಕಳಚಿಕೊಂಡು ಗಾಳಿಯೆಲ್ಲ ಭರ್ರನೆ ಹೊರಹೋಯಿತು. ಹಿನ್ನೀರಿನ ತಳವೆಂದರೆ ಎರೆಮಣ್ಣಿನ ರಾಡಿ. ಮೊಣಕಾಲಿನವರೆಗೆ ಹುಗಿದು, ಮೇಲೇಳಲು ಕಾಲು ಬಡಿದಷ್ಟೂ ಇನ್ನಷ್ಟು ಕೆಳಗಿಳಿದೆ. ಎದ್ದ ಕೆಸರಿನಲ್ಲಿ, ಮಾಸ್ಕಿಗೆ ಒತ್ತಿ ಹಿಡಿದ ಗೇಜಿನ ಮುಳ್ಳೂ ಕಾಣುತ್ತಿರಲಿಲ್ಲ. ಹಗ್ಗ ಕೈಯಲ್ಲಿದ್ದುದರಿಂದ ಅದನ್ನೇ ಜಗ್ಗಿಕೊಂಡು ಮೇಲೆ ಬಂದೆ. ಅದು ಇಲ್ಲದಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ಬೇಡ.

ದಡದಲ್ಲಿ ವಿಂಗ್ ಬಿಚ್ಚಿದಾಗ ಎರಡು ಸಿಲಿಂಡರ್‌ಗಳ ನಡುವಿನ ಸಂದಿಯಲ್ಲಿ ಕಪ್ಪು ಬಣ್ಣ ಬಳಿದ ಉದ್ದನೆಯ ಸೀಸದ ಗಟ್ಟಿಯೊಂದು ನಟ್-ಬೋಲ್ಟ್ ಹಾಕಿ ಬಿಗಿದ ಸ್ಥಿತಿಯಲ್ಲಿ ಸಿಕ್ಕಿತು. ತೂಗಿದರೆ 5 ಕೆ.ಜಿ. ಅಲ್ಯುಮಿನಿಯಂ ಸಿಲಿಂಡರ್ ಖಾಲಿಯಾಗುತ್ತ ಬಂದಂತೆ ತೇಲತೊಡಗುವುದರಿಂದ ಅದಕ್ಕೆ ಇಂಥ ಸೀಸ ಬೇಕಾಗುತ್ತದೆ; ಬಾಡಿಗೆ ಕೊಟ್ಟವರು ಸಿಲಿಂಡರ್ ಬದಲಿಸಿ ಸೀಸವನ್ನು ಅಲ್ಲೇ ಬಿಟ್ಟಿದ್ದರು. ಬೆಲ್ಟಿನ ಸೀಸವನ್ನಾದರೂ ನೀರೊಳಗೆ ಕಳಚಿ ಬಿಸಾಡಬಹುದು, ಬೋಲ್ಟ್ ಹಾಕಿದ್ದನ್ನಲ್ಲ.

ಇದರ ಮೇಲೆ ಸಿಹಿನೀರಿನ ಲೆಕ್ಕ ಬೇರೆ. ಒಂದು ಘನ ಮೀಟರ್ ಸಮುದ್ರದ ನೀರು ಸುಮಾರು 1025 ಕೆ.ಜಿ. ತೂಗಿದರೆ ಸಿಹಿನೀರು 1000 ಕೆ.ಜಿ. ತೂಗುತ್ತದೆ, ಹಾಗಾಗಿ ಆಳುಸಹಿತ 120 ಕೆ.ಜಿ.ಯ ಕಿಟ್‌ಗೆ ಇಲ್ಲಿ ಸುಮಾರು 3 ಕೆ.ಜಿ. ಸೀಸ ಕಡಿಮೆ ಸಾಕು. 200 ಬಾರ್ ಒತ್ತಡಕ್ಕೆ ತುಂಬಿದ ಈ ಜೋಡಿಯೊಳಗಿನ ಗಾಳಿಯೇ ಸುಮಾರು 6 ಕೆ.ಜಿ. ತೂಗುವುದರಿಂದ ಇಳಿಯುವಾಗಲೇ ಭಾರ ಅತಿ ಹೆಚ್ಚು. 10 ಮೀಟರ್ ಆಳದಲ್ಲಿ ಒತ್ತಡ ದುಪ್ಪಟ್ಟಾಗಿ ವೆಟ್‌ಸೂಟಿನ (ಗಾಳಿಗುಳ್ಳೆ ತುಂಬಿದ ರಬ್ಬರಿನ ಉಡುಪಿನ) ಗುಳ್ಳೆಗಳು ಹೆಚ್ಚುಕಡಿಮೆ ಅರ್ಧಕ್ಕೆ ಕುಗ್ಗುತ್ತವೆ, ಅಂದರೆ ಅದರ ತೇಲುವ ಶಕ್ತಿಯೂ ಸುಮಾರು ಅರ್ಧ ಹೋಯಿತು. ಸ್ಟೀಲ್ ಜೋಡಿ, ವೆಟ್‌ಸೂಟ್, ಒಂದೇ ಗಾಳಿಚೀಲ ಈ ಮೂರು ಒಟ್ಟಿಗೆ ಬಂದರೆ ಕಿಟ್ಟನ್ನು ವಾಪಸ್ ಕಳಿಸುವುದೇ ಲೇಸೆಂಬುದು ನನ್ನ ಅಭಿಪ್ರಾಯ.

ಬೇರೆ ಯಾವ ಕಿಟ್ ಬಂದರೂ ವಿಂಗ್ ಬಿಚ್ಚಿಸಿ ಸಂದಿಯನ್ನು ನೋಡಿ, ಕೊಳವೆಯ ಜೋಡಣೆಗಳನ್ನು ಕೈಯಿಂದ ತಿರುಗಿಸಿ ಪರೀಕ್ಷಿಸಿ. ಅನಂತರ ಗಟ್ಟಿ ತಳವಿರುವ ತಿಳಿನೀರಿನಲ್ಲಿ, ಜೊತೆಗಾರನನ್ನು ಪಕ್ಕದಲ್ಲಿಟ್ಟುಕೊಂಡು, ಸಿಲಿಂಡರ್ ತುಂಬಿದ್ದು ವಿಂಗ್ ಖಾಲಿಯಿರುವಾಗ ಬರೀ ಕಾಲಿನ ಬಲದಿಂದ ಮೇಲೆ ಬರಲಾಗುತ್ತದೆಯೇ ಎಂದು ನೋಡಬೇಕು. ಆಳದಲ್ಲಿ ಸೂಟ್ ಕುಗ್ಗುವುದರಿಂದ ಇಲ್ಲಿ ಕಷ್ಟಪಟ್ಟು ಬಂದರೆ ಅದು ಪಾಸಾದಂತಲ್ಲ. 50 ಬಾರ್ ಉಳಿದಿರುವಾಗ ವಿಂಗ್ ಖಾಲಿ ಮಾಡಿ 3 ಮೀಟರ್ ಆಳದಲ್ಲಿ ಮೇಲೆ ತೇಲಿಹೋಗದೆ ನಿಲ್ಲಲು ಸಾಧ್ಯವಾಗುವಷ್ಟು ಸೀಸ ಸಾಕು, ಅದಕ್ಕಿಂತ ಹೆಚ್ಚಿನದು ಬೇಡ.

ಬಾಡಿಗೆ ಕೊಟ್ಟವರು ಕೊಳವೆಯ ದುರಸ್ತಿ ಖರ್ಚನ್ನೂ ನಮ್ಮ ಠೇವಣಿಯಿಂದಲೇ ಮುರಿದುಕೊಂಡಿದ್ದಾರೆ.