ಮಿನಿ-ಬ್ಯಾಲ್ ಕಿಟ್: ಬ್ರಾಂಕೋಸ್ಕೋಪ್ ಕೈಗೆ ಸಿಗದ ಹೊತ್ತಿಗೆ

ವೆಂಟಿಲೇಟರ್ ಹಾಕಿ 48 ಗಂಟೆ ದಾಟಿದೆ, ಜ್ವರ ಬಂದಿದೆ, ಎಕ್ಸ್‌ರೇಯಲ್ಲಿ ಹೊಸ ಬಿಳುಪು ಕಾಣುತ್ತಿದೆ. ನ್ಯುಮೋನಿಯಾವೇ ಇರಬೇಕೆಂದೇನಿಲ್ಲ, ಶ್ವಾಸಕೋಶದಲ್ಲಿ ನೀರು ತುಂಬಿದರೂ, ಒಂದು ಭಾಗ ಕುಸಿದರೂ ಚಿತ್ರ ಹೀಗೇ. ಟ್ಯೂಬಿನಿಂದ ಸುಮ್ಮನೆ ಸಕ್ಷನ್ ಮಾಡಿದ ಕಫ ಕಳಿಸಿದರೆ ಟ್ಯೂಬಿನ ಒಳಗೋಡೆಗೆ ಅಂಟಿಕೊಂಡ ಬ್ಯಾಕ್ಟೀರಿಯಾವೂ ಕಲ್ಚರಿನಲ್ಲಿ ಬೆಳೆದು ತಲೆ ಕೆಡಿಸುತ್ತದೆ. ಅದನ್ನು ದಾಟಿ, ಬ್ರಾಂಕೋಸ್ಕೋಪ್ (ಶ್ವಾಸನಾಳದೊಳಗೆ ನೋಡುವ ಕೊಳವೆ) ಇಲ್ಲದೆಯೇ ಶ್ವಾಸಕೋಶದ ಆಳವನ್ನು ಸಲೈನಿನಿಂದ ತೊಳೆದ ಮಾದರಿ, ಅಂದರೆ ಬ್ಯಾಲ್, ತರುವುದೇ ಈ ಮಿನಿ-ಬ್ಯಾಲ್ ಕಿಟ್‌ನ ಕೆಲಸ.

ಒಂದರೊಳಗೊಂದು ಎರಡು ಕ್ಯಾತೆಟರ್ (ತೆಳು ಕೊಳವೆ). ಹೊರಗಿನದರ ಬಾಯಿಗೆ ಕರಗಿಹೋಗುವ ಪಾಲಿಎಥಿಲೀನ್ ಗ್ಲೈಕಾಲ್ ಬಿರಡೆ. ತುದಿ ಬಾಗಿರುವುದನ್ನೇ ಕೊಳ್ಳಿ. ನೇರ ತುದಿಯದು ಹೆಚ್ಚಾಗಿ ಬಲಗಡೆಗೇ ಜಾರುತ್ತದೆ, ರೋಗ ಎಡಗಡೆ ಇದ್ದರೆ ತೊಳೆದದ್ದೆಲ್ಲ ದಂಡ.

ಮೊದಲು ಆಕ್ಸಿಜನ್ 100%ಗೆ ಏರಿಸಿ. ಹೊರ ಕ್ಯಾತೆಟರ್ ಇಳಿಸಿದ ಮೇಲೆ ಒಳಗಿನದನ್ನು ತಡೆ ಸಿಗುವವರೆಗೆ ಮೆಲ್ಲಗೆ ತಳ್ಳಿ, 20 ಮಿಲಿ ಸಲೈನ್ ಬಿಟ್ಟು ಕೂಡಲೇ ಎಳೆಯಿರಿ. ಹೀಗೆ ಎರಡು-ಮೂರು ಸಲ. ಸಲೈನಿನಲ್ಲಿ ಪ್ರಿಸರ್ವೇಟಿವ್ ಇರಕೂಡದು, ಅದೇ ಬ್ಯಾಕ್ಟೀರಿಯಾವನ್ನು ತಡೆದುಬಿಡುತ್ತದೆ. ಮರಗಟ್ಟಿಸುವ ಲಿಗ್ನೋಕೇನ್ ಕೂಡ ಹಾಗೆಯೇ. ಸಿರಿಂಜ್ ಜೋರಾಗಿ ಎಳೆದರೆ ಸಣ್ಣ ಶ್ವಾಸನಾಳ ಕುಗ್ಗಿ ಹನಿಯೂ ವಾಪಸ್ ಬರುವುದಿಲ್ಲ. ಆಗ ಕೈ ಸಡಿಲಿಸಿ, ಕ್ಯಾತೆಟರನ್ನು ತುಸು ಹಿಂದೆ ತಂದು ಮತ್ತೆ ನೋಡಿ. ಎಂಫಿಸೀಮಾ (ಶ್ವಾಸಕೋಶದ ಗಾಳಿಚೀಲಗಳು ಹಾಳಾಗುವ ರೋಗ) ಇದ್ದವರಲ್ಲಿ ಹೇಗೆ ಎಳೆದರೂ ವಾಪಸ್ ಬರುವುದು ಕಡಿಮೆಯೇ.

ಹೆಚ್ಚು ಎಡವಟ್ಟಾಗುವುದು ಲ್ಯಾಬ್ ಚೀಟಿಯಲ್ಲಿ. ಬ್ಯಾಲ್ ಮಾದರಿಯನ್ನು ಪಾಸಿಟಿವ್ ಎನ್ನಲು ಮಿಲಿಗೆ 10,000 ಬ್ಯಾಕ್ಟೀರಿಯಾ ಕಾಲೊನಿ ಸಾಕು. ಸಕ್ಷನ್ ಕಫಕ್ಕೆ 1 ಲಕ್ಷದಿಂದ 10 ಲಕ್ಷ ಬೇಕು. ಚೀಟಿಯಲ್ಲಿ 'ಕಫ' ಎಂದಷ್ಟೇ ಬರೆದರೆ ನಿಜವಾದ ಪಾಸಿಟಿವ್ ಕೂಡ ನೆಗೆಟಿವ್ ಎಂದು ಬರುತ್ತದೆ. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ಗ್ರಾಂ ಸ್ಟೇನ್‌ನಲ್ಲಿ ಬಾಯಿ-ಗಂಟಲಿನ ಸ್ಕ್ವಾಮಸ್ ಕೋಶಗಳು ತುಂಬಿದ್ದರೆ ಅದು ಮೇಲಿನ ಕೊಳೆ. ಹಿಂದಿನ ದಿನವಷ್ಟೇ ಆಂಟಿಬಯಾಟಿಕ್ ಬದಲಿಸಿದ್ದರೆ ಕಿಟ್ ಎಷ್ಟೇ ಚೆನ್ನಾಗಿದ್ದರೂ ಕಲ್ಚರ್ ಖಾಲಿ ಬರಬಹುದು.

ಹಾಗಾದರೆ ಎಲ್ಲರಿಗೂ ಬೇಕೆ? ಇಲ್ಲ. 2006ರಲ್ಲಿ ಕೆನಡಾದ ತಂಡ 740 ರೋಗಿಗಳಲ್ಲಿ ಬ್ರಾಂಕೋಸ್ಕೋಪಿಕ್ ಬ್ಯಾಲ್ ಮತ್ತು ಸಕ್ಷನ್ ಕಫವನ್ನು ಹೋಲಿಸಿದಾಗ 28 ದಿನಗಳ ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಔಷಧಿಗೆ ಸುಲಭವಾಗಿ ಬಗ್ಗದ ಬ್ಯಾಕ್ಟೀರಿಯಾಗಳಾದ ಸ್ಯೂಡೊಮೊನಾಸ್ ಇಲ್ಲವೇ ಎಂಆರ್‌ಎಸ್‌ಎ ಇದೆಯೆಂದು ಮೊದಲೇ ಗೊತ್ತಿದ್ದವರನ್ನು ಅವರು ಸೇರಿಸಿಕೊಂಡಿರಲಿಲ್ಲ. 2016ರ ಅಮೆರಿಕನ್ ಮಾರ್ಗಸೂಚಿಯೂ ಸಕ್ಷನ್ ಕಫದ ಕಡೆಗೇ ವಾಲಿದೆ. ರಿಪೋರ್ಟ್ ನೆಗೆಟಿವ್ ಬಂದಾಗ ಆಂಟಿಬಯಾಟಿಕ್ ನಿಲ್ಲಿಸುವ ಧೈರ್ಯವಿರುವ ಐಸಿಯುಗೆ ಈ ಕಿಟ್ ಸಾರ್ಥಕ. ಹೇಗೂ ಮುಂದುವರಿಸುವವರಿಗೆ ಸಕ್ಷನ್ ಕಫ ಹಿಡಿಯುವ ಡಬ್ಬಿ (ಮ್ಯೂಕಸ್ ಟ್ರ್ಯಾಪ್) ಒಂದೇ ಸಾಕು.