ನಾಲ್ಕು ರಿಮೋಟ್‌ಗಳ ಮನೆಗೆ ಲರ್ನಿಂಗ್ ರಿಮೋಟ್: ಕೊಳ್ಳುವ ಮೊದಲು, ಕಲಿಸುವಾಗ

ಮಂಗಳೂರು, ಉಡುಪಿ ಕಡೆಯ ಬಹಳಷ್ಟು ಮನೆಗಳಲ್ಲಿ ಈಗ ಗೋಡೆಗೆ ಟಿವಿ, ಅದರ ಬೆನ್ನಿಗೆ ಇಂಟರ್ನೆಟ್ ವಿಡಿಯೊ ತೋರಿಸುವ ಫೈರ್ ಟಿವಿ ಸ್ಟಿಕ್, ಕೆಳಗಿನ ಶೋಕೇಸಿನಲ್ಲಿ ಕೇಬಲ್ ಬಾಕ್ಸ್, ಅದರ ಪಕ್ಕ ಸೌಂಡ್‌ಬಾರ್. ಸ್ಟಿಕ್ ಬಂದ ಮೇಲೆ ಕೇಬಲ್ ಬಾಕ್ಸ್ ತೆಗೆಯಬಹುದಿತ್ತು, ಆದರೆ ತೆಗೆಯುವಂತಿಲ್ಲ. ‘ನಮ್ಮ ಕುಡ್ಲ’, ‘ದಾಯ್ಜಿವರ್ಲ್ಡ್’ ಎಂಬ ಊರಿನ ಚಾನೆಲ್ ನೋಡುವವರಿಗೆ, ಯಕ್ಷಗಾನ, ಕಂಬಳ ಬಂದರೆ ಎದ್ದು ಹೋಗದವರಿಗೆ ಕೇಬಲ್ಲೇ ಆಗಬೇಕು. ಹಾಗಾಗಿ ರಿಮೋಟ್ ನಾಲ್ಕು. ಇವುಗಳ ಜಾಗಕ್ಕೆ ಒಂದೇ ರಿಮೋಟ್ ತರಲು ಹೊರಟವರಿಗಾಗಿ ಈ ವಿಮರ್ಶೆ.

ನಮ್ಮ ತೀರ್ಮಾನ ಮೊದಲೇ ಹೇಳುತ್ತೇವೆ: ಇಂಥ ಮನೆಗೆ ಕೋಡ್ ಹಾಕುವ ರಿಮೋಟ್ ಬೇಡ, ಹಳೆ ರಿಮೋಟಿನ ಸಂಕೇತವನ್ನೇ ಕೇಳಿ ಕಲಿಯುವ ಲರ್ನಿಂಗ್ ರಿಮೋಟ್ ತನ್ನಿ. ಕಾರಣ ಕೇಬಲ್ ಬಾಕ್ಸ್.

ಅಂಗಡಿಯಲ್ಲಿ ‘ಯೂನಿವರ್ಸಲ್ ರಿಮೋಟ್ ಕೊಡಿ’ ಎಂದಷ್ಟೇ ಕೇಳಿದರೆ ಕೈಗೆ ಬರುವುದು ಹೆಚ್ಚಾಗಿ ಕೋಡ್ ರಿಮೋಟ್. ಜೊತೆಗೊಂದು ಚೀಟಿ, ಅದರಲ್ಲಿ ಕಂಪೆನಿಗಳ ಹೆಸರು, ಹೆಸರಿನ ಮುಂದೆ ಮೂರೋ ನಾಲ್ಕೋ ಅಂಕಿಯ ಕೋಡುಗಳ ಸಾಲು. ಹೆಸರುವಾಸಿ ಕಂಪೆನಿಯ ಟಿವಿಗೆ ಕೋಡು ಸಿಗುತ್ತದೆ, ಪವರ್ ಮತ್ತು ವಾಲ್ಯೂಮ್ ಕೆಲಸ ಮಾಡುತ್ತವೆ. ಆದರೆ ಸೋರ್ಸ್ ಬಟನ್ ಒತ್ತಿದರೆ ಏನೂ ಆಗದೆ ಇರುವುದು, ಮೆನು ಒತ್ತಿದರೆ ಬೇರೇನೋ ತೆರೆಯುವುದು ಸಾಮಾನ್ಯ. ಒಂದೇ ಕಂಪೆನಿ ಬೇರೆ ಬೇರೆ ವರ್ಷ ಬೇರೆ ಬೇರೆ ಕೋಡ್ ಗುಂಪು ಬಳಸಿರುತ್ತದೆ, ಚೀಟಿಯ ಕೋಡು ಅವುಗಳಲ್ಲಿ ಒಂದಕ್ಕೆ ಮಾತ್ರ ಪೂರ್ತಿ ಹೊಂದುತ್ತದೆ. ಇನ್ನು ಕೇಬಲ್ ಬಾಕ್ಸಿನ ಮೇಲೆ ಇರುವುದು ಕೇಬಲ್ ಸಂಸ್ಥೆಯ ಹೆಸರು, ಒಳಗಿನ ಬೋರ್ಡು ಬೇರೆ ಯಾರದ್ದೋ. ಅಂಥ ಬಾಕ್ಸಿಗೆ ಚೀಟಿಯಲ್ಲಿ ಸಾಲೇ ಇರುವುದಿಲ್ಲ. ರಿಮೋಟ್ ತಾನೇ ಕೋಡುಗಳನ್ನು ಒಂದೊಂದಾಗಿ ಪ್ರಯತ್ನಿಸುವ ಆಟೋ ಸರ್ಚಿಗೆ ಹಾಕಿ ಅರ್ಧ ಗಂಟೆ ಬಾಕ್ಸಿನೆದುರು ಹಿಡಿದು ನಿಂತರೂ ಫಲ ಸಿಗುವುದು ಅಪರೂಪ.

ಲರ್ನಿಂಗ್ ರಿಮೋಟಿಗೆ ಕಂಪೆನಿಯ ಹೆಸರೇ ಬೇಡ. ಮಾಮೂಲಿ ರಿಮೋಟಿನ ಮೂತಿಯಲ್ಲಿರುವ ಎಲ್‌ಇಡಿ ಸುಮಾರು 940 ನ್ಯಾನೋಮೀಟರಿನ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಸೆಕೆಂಡಿಗೆ ಹೆಚ್ಚುಕಡಿಮೆ 38,000 ಸಲ ಮಿಟುಕಿಸುತ್ತದೆ. ಆ ಮಿಟುಕಿನ ಕಂತೆ ಎಷ್ಟು ಉದ್ದ, ಎರಡು ಕಂತೆಗಳ ನಡುವಿನ ಬಿಡುವು ಎಷ್ಟು ಎಂಬುದರಲ್ಲೇ ಆಜ್ಞೆ ಇರುತ್ತದೆ. ಲರ್ನಿಂಗ್ ರಿಮೋಟ್ ಅದನ್ನು ಅರ್ಥ ಮಾಡಿಕೊಳ್ಳಲು ಹೋಗುವುದಿಲ್ಲ, ಕೇಳಿದ್ದನ್ನು ಹಾಗೆಯೇ ಬರೆದಿಟ್ಟುಕೊಂಡು ಮತ್ತೆ ಒಪ್ಪಿಸುತ್ತದೆ. ಕೇಬಲ್ ಬಾಕ್ಸಿನ ವಿಷಯದಲ್ಲಿ ಇದು ಗೆಲ್ಲುವುದೂ, ಮುಂದೆ ಹೇಳುವ ಕೆಲವು ಕಡೆ ಎಡವುವುದೂ ಇದೇ ಗುಣದಿಂದ.

ಮನೆಯಲ್ಲಿ ಟಿವಿ ಮತ್ತು ಡಿಟಿಎಚ್ ಎರಡೇ ಇದ್ದರೆ ಇಷ್ಟೂ ಬೇಡ. ಹಲವು ಡಿಟಿಎಚ್ ರಿಮೋಟ್‌ಗಳಲ್ಲಿ ಟಿವಿಗೆಂದೇ ಮೂರು-ನಾಲ್ಕು ಬಟನ್ ಬಿಟ್ಟಿರುತ್ತಾರೆ. ಟಿವಿಯ ಪವರ್, ವಾಲ್ಯೂಮ್, ಎವಿ ಅದಕ್ಕೆ ಕಲಿಸಿದರೆ ಮುಗಿಯಿತು, ಹೊಸದಕ್ಕೆ ದುಡ್ಡು ಹಾಕಬೇಡಿ.

ಕೊಳ್ಳುವ ಮೊದಲು ಮನೆಯಲ್ಲಿ ಒಂದು ಪರೀಕ್ಷೆ ಮಾಡಿ. ಮೊಬೈಲಿನ ಸೆಲ್ಫಿ ಕ್ಯಾಮೆರಾ ತೆರೆದು, ರಿಮೋಟಿನ ಮೂತಿ ಅದರ ಕಡೆ ತಿರುಗಿಸಿ ಬಟನ್ ಒತ್ತಿ. ನೇರಳೆ ಅಥವಾ ಬಿಳಿ ಚುಕ್ಕೆ ಮಿನುಗಿದರೆ ಅದು ಇನ್‌ಫ್ರಾರೆಡ್, ಕಲಿಸಬಹುದು. ಹಿಂದಿನ ಕ್ಯಾಮೆರಾದಲ್ಲಿ ಈ ಬೆಳಕನ್ನು ತಡೆಯುವ ಫಿಲ್ಟರ್ ಬಲವಾಗಿರುವುದರಿಂದ ಸೆಲ್ಫಿ ಕ್ಯಾಮೆರಾವೇ ಒಳ್ಳೆಯದು. ಚುಕ್ಕೆ ಕಾಣದೆಯೂ ಟಿವಿ ಮಾತು ಕೇಳುತ್ತಿದ್ದರೆ ಅಂಗೈಯಿಂದ ಮೂತಿ ಪೂರ್ತಿ ಮುಚ್ಚಿ ಮತ್ತೆ ಒತ್ತಿ. ಆಗಲೂ ಕೇಳಿದರೆ ಅದು ಬ್ಲೂಟೂತ್. ಸ್ಯಾಮ್‌ಸಂಗ್, ಎಲ್‌ಜಿ ಸ್ಮಾರ್ಟ್ ಟಿವಿಗಳ ಜೊತೆ ಬರುವ ಹಲವು ರಿಮೋಟ್‌ಗಳು ಈ ಜಾತಿಯವು. ಗಾಬರಿ ಬೇಡ, ಟಿವಿಯಲ್ಲಿ ಸಾಮಾನ್ಯವಾಗಿ ಇನ್‌ಫ್ರಾರೆಡ್ ಕಣ್ಣೂ ಇರುತ್ತದೆ. ಆ ಕಂಪೆನಿಯ ಟಿವಿಗೆ ಹೊಂದುವ ಮಾಮೂಲಿ ರಿಮೋಟ್ ಒಂದನ್ನು ತಂದು ಅದರಿಂದ ಕಲಿಸಿದರೆ ಆಯಿತು. ನೆರೆಮನೆಯಲ್ಲಿ ಅದೇ ಕಂಪೆನಿಯ ಹಳೆ ರಿಮೋಟ್ ಇದ್ದರೆ ಸಂಜೆಯ ಮಟ್ಟಿಗೆ ಕೇಳಿ ತಂದರೂ ಸಾಕು.

ಅಂಗಡಿಯಲ್ಲಿ ಎರಡು ವಿಷಯ ಕೇಳಲೇಬೇಕು. ಎಷ್ಟು ಸಾಧನಗಳ ಬಟನ್ ಉಂಟು, ಅಂದರೆ ಎಷ್ಟು ಬೇರೆ ಬೇರೆ ಖಾನೆಗಳಲ್ಲಿ ಕಲಿಸಬಹುದು? ಸೆಲ್ ತೆಗೆದರೆ ಕಲಿತದ್ದು ಉಳಿಯುತ್ತದೆಯೇ? ಎರಡನೆಯದಕ್ಕೆ ಬಾಯಿಮಾತಿನ ಉತ್ತರ ನೆಚ್ಚಿಕೊಳ್ಳಬೇಡಿ. ಮನೆಗೆ ತಂದ ಕೂಡಲೇ ಒಂದೇ ಬಟನ್ ಕಲಿಸಿ, ಸೆಲ್ ತೆಗೆದು ಹತ್ತು ನಿಮಿಷ ಬಿಟ್ಟು, ಮತ್ತೆ ಹಾಕಿ ನೋಡಿ. ಮರೆತಿದ್ದರೆ ಅದೇ ದಿನ ವಾಪಸು ಕೊಡಿ. ಐವತ್ತು ಬಟನ್ ಕಲಿಸಿದ ಮೇಲೆ, ಸೆಲ್ ಬದಲಿಸುವ ದಿನ ಇದು ಗೊತ್ತಾಗಬಾರದು.

ಕಲಿಸುವ ಕ್ರಮ ಹೆಚ್ಚಿನ ಮಾದರಿಗಳಲ್ಲಿ ಒಂದೇ ತರಹ. ಮೊದಲು ಖಾನೆ ಆರಿಸಿ, ಉದಾಹರಣೆಗೆ ಟಿವಿ. ಸೆಟ್ ಅಥವಾ ಲರ್ನ್ ಬಟನನ್ನು ಮೂರು ಸೆಕೆಂಡಿನಷ್ಟು ಒತ್ತಿ ಹಿಡಿದರೆ ಕೆಂಪು ದೀಪ ಹತ್ತಿ ನಿಲ್ಲುತ್ತದೆ. ಹೊಸ ರಿಮೋಟಿನಲ್ಲಿ ಯಾವ ಬಟನಿಗೆ ಕಲಿಸಬೇಕೋ ಅದನ್ನು ಒತ್ತಿ, ಹಳೆ ರಿಮೋಟಿನಲ್ಲಿ ಅದಕ್ಕೆ ಸರಿಯಾದ ಬಟನ್ ಒತ್ತಿ. ದೀಪ ಕೆಲವು ಸಲ ಮಿನುಗಿದರೆ ಕಲಿತಿತು. ಮುಂದಿನ ಬಟನಿಗೆ ಹೋಗಿ, ಎಲ್ಲ ಮುಗಿದ ಮೇಲೆ ಸೆಟ್ ಒತ್ತಿ ಹೊರಬನ್ನಿ. ನಡುವೆ ಯೋಚಿಸುತ್ತಾ ಕೂತರೆ ದೀಪ ಆರಿ ಕಲಿಕೆ ತಾನಾಗಿ ನಿಲ್ಲುತ್ತದೆ, ಆದ್ದರಿಂದ ಯಾವ ಬಟನಿಗೆ ಏನು ಎಂದು ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಯಶಸ್ಸು ಇರುವುದು ಕ್ರಮಕ್ಕಿಂತ ಹೆಚ್ಚಾಗಿ ಜೋಡಣೆಯಲ್ಲಿ. ಎರಡೂ ರಿಮೋಟ್ ಮೇಜಿನ ಮೇಲೆ ಮೂತಿಗೆ ಮೂತಿ ಎದುರಾಗಿ, ನಡುವೆ ಎರಡರಿಂದ ಐದು ಸೆಂಟಿಮೀಟರ್ ಬಿಟ್ಟು ಇಡಿ. ಒಂದು ತಗ್ಗಾಗಿದ್ದರೆ ಅಡಿಗೆ ಮಡಿಚಿದ ಪೇಪರ್ ಇಟ್ಟು ಎತ್ತರ ಸರಿಮಾಡಿ. ಎರಡಕ್ಕೂ ಹೊಸ ಸೆಲ್ ಹಾಕಿ. ಹಳೆ ರಿಮೋಟಿನ ಸೆಲ್ ಸೊರಗಿದ್ದರೆ ಅದು ಹೇಳುವುದೇ ಅಸ್ಪಷ್ಟ, ಕಲಿಯುವುದೂ ಅಸ್ಪಷ್ಟ. ಪಡುದಿಕ್ಕಿಗೆ ಕಿಟಕಿ ಇರುವ ಕೋಣೆಯಲ್ಲಿ ಮಧ್ಯಾಹ್ನದ ಮೇಲೆ ಈ ಕೆಲಸ ಬೇಡ. ಬಿಸಿಲಿನಲ್ಲಿ ಇನ್‌ಫ್ರಾರೆಡ್ ತುಂಬಾ ಇರುವುದರಿಂದ ಕಲಿಯುವ ಕಣ್ಣು ತಬ್ಬಿಬ್ಬಾಗುತ್ತದೆ. ಸಿಎಫ್‌ಎಲ್ ಬಲ್ಬ್ ಉರಿಯುತ್ತಿದ್ದರೆ ಆರಿಸಿ.

ಮುಖ್ಯವಾದದ್ದು ಇನ್ನೊಂದು: ಹಳೆ ರಿಮೋಟಿನ ಬಟನನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಡಿ, ಒಮ್ಮೆ ಒತ್ತಿ ಬಿಡಿ. ಬಹಳ ರಿಮೋಟ್‌ಗಳು ಬಳಸುವ ಎನ್‌ಇಸಿ ಪದ್ಧತಿಯಲ್ಲಿ ಬಟನ್ ಹಿಡಿದೇ ಇದ್ದರೆ ಪೂರ್ತಿ ಆಜ್ಞೆ ಒಂದೇ ಸಲ ಹೋಗುತ್ತದೆ, ಆಮೇಲೆ 108 ಮಿಲಿಸೆಕೆಂಡಿಗೊಮ್ಮೆ ‘ಅದೇ, ಅದೇ’ ಎನ್ನುವ ಗಿಡ್ಡ ಸಂಕೇತ ಮಾತ್ರ. ಲರ್ನಿಂಗ್ ರಿಮೋಟ್ ಆ ಗಿಡ್ಡದ್ದನ್ನು ಹಿಡಿದುಕೊಂಡರೆ ದೀಪವೇನೋ ಮಿನುಗುತ್ತದೆ, ಟಿವಿ ಮಾತ್ರ ಅಲುಗುವುದಿಲ್ಲ. ‘ಕಲಿತಿದೆ ಅನ್ನುತ್ತದೆ, ಕೆಲಸ ಮಾಡುವುದಿಲ್ಲ’ ಎಂಬ ದೂರಿಗೆ ಇದೂ ಒಂದು ಕಾರಣ. ಐದೈದು ಬಟನ್ ಕಲಿಸಿ, ಹೊರಬಂದು ಪರೀಕ್ಷಿಸಿ, ಮುಂದಕ್ಕೆ ಹೋಗಿ.

ಇನ್ನೊಂದು ತೊಂದರೆ ಫಿಲಿಪ್ಸ್‌ನ ಆರ್‌ಸಿ-5, ಆರ್‌ಸಿ-6 ಪದ್ಧತಿ ಬಳಸುವ ಸಾಧನಗಳದ್ದು. ಪ್ರತಿ ಸಲ ಹೊಸದಾಗಿ ಒತ್ತಿದಾಗ ಅಸಲಿ ರಿಮೋಟ್ ಸಂಕೇತದಲ್ಲಿ ಒಂದು ಬಿಟ್ (0 ಅಥವಾ 1 ಎಂಬ ಗುರುತು) ತಿರುಗಿಸಿ ಕಳಿಸುತ್ತದೆ. ‘ಇದು ಹೊಸ ಒತ್ತು, ಹಿಡಿದುಕೊಂಡದ್ದಲ್ಲ’ ಎಂದು ಸಾಧನಕ್ಕೆ ತಿಳಿಯುವುದು ಅದರಿಂದ. ಲರ್ನಿಂಗ್ ರಿಮೋಟ್ ಬರೆದಿಟ್ಟುಕೊಂಡದ್ದು ಒಂದೇ ನಮೂನೆ. ಹಾಗಾಗಿ 11ನೇ ಚಾನೆಲ್‌ಗೆ 1, 1 ಒತ್ತಿದರೆ ಒಂದೇ 1 ಬೀಳಬಹುದು. ಒಂದು ಬಟನ್ ಮೊದಲ ಸಲ ಸರಿ, ಎರಡನೇ ಸಲ ಮೌನ ಎಂದಾದರೆ ಮತ್ತೆ ಕಲಿಸಿ ಪ್ರಯೋಜನವಿಲ್ಲ. ಆ ಅಂಕಿಯನ್ನೇ ಖಾಲಿ ಇರುವ ಇನ್ನೊಂದು ಬಟನಿಗೆ ಕಲಿಸಿ, ಆಗ ಹಳೆ ರಿಮೋಟಿನಿಂದ ತಿರುಗಿದ ನಮೂನೆ ಬರುವ ತನಕ ಒಂದೆರಡು ಸಲ ಪ್ರಯತ್ನಿಸಿ. ಎರಡನ್ನೂ ಸರದಿಯಲ್ಲಿ ಒತ್ತಿದರೆ ಕೆಲಸ ನಡೆಯುತ್ತದೆ. ಸೋನಿಯದ್ದು ಬೇರೆ ಕಥೆ: ಅವರ ಪದ್ಧತಿ 40 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ 40,000 ಮಿಟುಕು. ಎಲ್ಲವನ್ನೂ 38ರಲ್ಲೇ ಕಳಿಸುವ ಅಗ್ಗದ ಲರ್ನಿಂಗ್ ರಿಮೋಟ್ ಹತ್ತಿರದಿಂದ ಕೆಲಸ ಮಾಡುತ್ತದೆ, ದೂರದ ಸೋಫಾದಿಂದ ತಪ್ಪುತ್ತದೆ.

ಈಗ ನಮಗೆ ಬಹಳ ಇಷ್ಟವಾದ ಗುಣ. ಖಾನೆಯ ಮೇಲೆ ‘ಟಿವಿ’ ಎಂದು ಬರೆದಿದ್ದರೂ ಅದರೊಳಗೆ ಟಿವಿಯ ಆಜ್ಞೆಯೇ ಇರಬೇಕೆಂಬ ನಿಯಮವಿಲ್ಲ. ಕೇಬಲ್ ಖಾನೆಯಲ್ಲಿ ಅಂಕಿಗಳು, ಚಾನೆಲ್, ಓಕೆ, ಬ್ಯಾಕ್ ಮಾತ್ರ ಕೇಬಲ್ ಬಾಕ್ಸಿನವು ಇರಲಿ. ವಾಲ್ಯೂಮ್, ಮ್ಯೂಟ್ ಬಟನಿಗೆ ಸೌಂಡ್‌ಬಾರಿನದ್ದನ್ನು, ಪವರ್ ಬಟನಿಗೆ ಟಿವಿಯದ್ದನ್ನು ಕಲಿಸಿ. ಬಾಕ್ಸಿನ ಪವರನ್ನು ಬಣ್ಣದ ಬಟನುಗಳ ಸಾಲಿನ ಕೆಂಪು ಬಟನಿಗೆ ಹಾಕಿ. ಟಿವಿ ಖಾನೆಯಲ್ಲೂ ವಾಲ್ಯೂಮ್ ಸೌಂಡ್‌ಬಾರಿನದ್ದೇ ಆಗಲಿ, ಟಿವಿಯ ಸ್ವಂತ ಸ್ಪೀಕರನ್ನು ಸೆಟ್ಟಿಂಗಿನಲ್ಲಿ ಆಫ್ ಮಾಡಿ. ಹೀಗಾದರೆ ಅಜ್ಜಿ ಯಾವ ಖಾನೆಯಲ್ಲಿದ್ದರೂ ದನಿ ಹೆಚ್ಚು ಮಾಡುವ ಬಟನ್ ದನಿಯನ್ನೇ ಹೆಚ್ಚು ಮಾಡುತ್ತದೆ. ಖಾನೆ ಬದಲಿಸುವುದು ನೆನಪಿಲ್ಲದವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಟಿವಿ ಮತ್ತು ಬಾಕ್ಸ್ ಎರಡರ ಪವರನ್ನೂ ಒಂದೇ ಬಟನಿಗೆ ಕೂಡಿಸಲು ಕೆಲವು ಮಾದರಿಗಳಲ್ಲಿ ಆಗುತ್ತದೆ, ಆದರೆ ಬೇಡ ಎನ್ನುತ್ತೇವೆ. ಆನ್‌ಗೂ ಆಫ್‌ಗೂ ಒಂದೇ ಆಜ್ಞೆ ಇರುವುದರಿಂದ ಒಮ್ಮೆ ಸಂಕೇತ ತಪ್ಪಿದರೆ ಟಿವಿ ಹತ್ತುವಾಗ ಬಾಕ್ಸ್ ಆರುತ್ತದೆ, ಮತ್ತೆ ಒತ್ತಿದಷ್ಟೂ ಅದೇ ತಿರುಗುಮುರುಗು.

ಉಳಿಯಿತು ಫೈರ್ ಟಿವಿ ಸ್ಟಿಕ್. ಅದರಲ್ಲಿ ಇನ್‌ಫ್ರಾರೆಡ್ ಕಣ್ಣೇ ಇಲ್ಲ, ಅದರ ರಿಮೋಟ್ ಮಾತಾಡುವುದು ಬ್ಲೂಟೂತ್‌ನಲ್ಲಿ. ರಿಮೋಟಿನಲ್ಲಿರುವ ಪವರ್, ವಾಲ್ಯೂಮ್ ಮಾತ್ರ ಟಿವಿಗಾಗಿ ಇನ್‌ಫ್ರಾರೆಡ್. ಆದರೂ ದಾರಿ ಉಂಟು. ಎಚ್‌ಡಿಎಂಐ ಜೋಡಣೆಯೊಳಗೆ ಸಿಇಸಿ ಎಂಬ ತಂತಿ ಇದೆ, ಅದು ಟಿವಿಗೆ ಬಂದ ಬಾಣದ ಬಟನುಗಳನ್ನು ಸ್ಟಿಕ್‌ಗೆ ದಾಟಿಸುತ್ತದೆ. ಸ್ಟಿಕ್‌ನ ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ ಅಂಡ್ ಸೌಂಡ್ಸ್ ಒಳಗೆ ಎಚ್‌ಡಿಎಂಐ ಸಿಇಸಿ ಆನ್ ಮಾಡಿ. ಟಿವಿಯಲ್ಲೂ ಆನ್ ಮಾಡಬೇಕು. ಸ್ಯಾಮ್‌ಸಂಗ್ ಇದನ್ನು ಎನಿನೆಟ್ ಪ್ಲಸ್, ಎಲ್‌ಜಿ ಸಿಂಪ್‌ಲಿಂಕ್, ಸೋನಿ ಬ್ರಾವಿಯಾ ಸಿಂಕ್ ಎಂದು ಕರೆಯುತ್ತದೆ. ಆಮೇಲೆ ಟಿವಿ ಖಾನೆಯ ಬಾಣ, ಓಕೆ, ಬ್ಯಾಕ್ ಸ್ಟಿಕ್‌ನಲ್ಲೂ ನಡೆಯುತ್ತವೆ. ಹೋಮ್ ಬಟನ್ ಹೆಚ್ಚಾಗಿ ದಾಟುವುದಿಲ್ಲ, ಮೈಕ್ ಅಂತೂ ಇಲ್ಲ. ಹೆಸರು ಹೇಳಿ ಹುಡುಕುವ ಅಭ್ಯಾಸ ಇದ್ದವರು ಸ್ಟಿಕ್‌ನ ರಿಮೋಟನ್ನು ಎಸೆಯಬಾರದು.

ಹೆಚ್ಚು ಖರ್ಚು ಮಾಡಬಲ್ಲವರಿಗೆ ಸೋಫಾಬ್ಯಾಟನ್ ಯು2 ರಿಮೋಟ್ ಉಂಟು. ಇನ್‌ಫ್ರಾರೆಡ್ ಜೊತೆ ಬ್ಲೂಟೂತನ್ನೂ ಮಾತಾಡುವುದರಿಂದ ಸ್ಟಿಕ್ಕೂ ನೇರ ಅದರ ಹಿಡಿತಕ್ಕೆ ಬರುತ್ತದೆ. 15 ಸಾಧನಗಳ ವರೆಗೆ ಸೇರಿಸಬಹುದು, ಸೆಟ್ಟಿಂಗ್ ಮೊಬೈಲ್ ಆ್ಯಪ್‌ನಲ್ಲಿ. ಲಾಜಿಟೆಕ್ 2021ರಲ್ಲಿ ಹಾರ್ಮನಿ ರಿಮೋಟ್ ತಯಾರಿ ನಿಲ್ಲಿಸಿದ ಮೇಲೆ ಆ ಜಾಗದಲ್ಲಿ ಹೆಸರು ಹೇಳಬಹುದಾದವುಗಳಲ್ಲಿ ಇದೊಂದು. ಆದರೆ ಲರ್ನಿಂಗ್ ರಿಮೋಟ್ ನೂರರ ಲೆಕ್ಕದ್ದು, ಇದು ಸಾವಿರದ ಲೆಕ್ಕದ್ದು. ಬ್ರಾಡ್‌ಲಿಂಕ್ ಆರ್‌ಎಂ4 ಮಿನಿಯಂಥ, ಮೊಬೈಲಿನಿಂದ ಬಂದ ಆಜ್ಞೆಯನ್ನು ಇನ್‌ಫ್ರಾರೆಡ್‌ನಲ್ಲಿ ಕಳಿಸುವ ವೈಫೈ ಡಬ್ಬಿ ಟಿವಿಗಲ್ಲ, ಎಸಿಗೆ ಒಳ್ಳೆಯದು. ಎಸಿ ರಿಮೋಟ್ ಪ್ರತಿ ಒತ್ತಿಗೂ ಉಷ್ಣತೆ, ಫ್ಯಾನ್, ಮೋಡ್ ಎಲ್ಲ ಸೇರಿದ ಉದ್ದನೆಯ ಸಂಕೇತ ಕಳಿಸುತ್ತದೆ, ಅಗ್ಗದ ಲರ್ನಿಂಗ್ ರಿಮೋಟಿನ ನೆನಪಿಗೆ ಅದು ಹಿಡಿಸುವುದಿಲ್ಲ. ಈ ಡಬ್ಬಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಆಗುತ್ತದೆ. ರೌಟರಿನಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಎರಡೂ ಬ್ಯಾಂಡ್ ಒಂದೇ ಹೆಸರಿನಲ್ಲಿದ್ದು ಜೋಡಣೆ ಆಗದಿದ್ದರೆ ಹೆಸರು ಬೇರೆ ಮಾಡಿ.

ನಮ್ಮ ಕರಾವಳಿಯಲ್ಲಿ ರಿಮೋಟ್ ಹಾಳಾಗುವ ರೀತಿಯೇ ಬೇರೆ. ಮಳೆಗಾಲದ ತೇವ, ಉಪ್ಪುಗಾಳಿ ಸೇರಿ ಸೆಲ್ ಕೂರುವ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ. ಹೊಸದಕ್ಕೆ ಪ್ಲಾಸ್ಟಿಕ್ ಕವರ್ ಹಾಕಿ ಟೇಪ್ ಸುತ್ತಬೇಡಿ, ತೇವ ಒಳಗೇ ಉಳಿಯುತ್ತದೆ. ಸಪೂರದ ಎಎಎ ಸೆಲ್ ಸೋರಿದ್ದರೆ ಯಾವ ಸೆಲ್ ಎಂದು ನೋಡಿ ಒರೆಸಿ: ಸಾದಾ ಜಿಂಕ್ ಸೆಲ್ಲಿನ ಸೋರಿಕೆ ಆಮ್ಲೀಯ, ನೀರಲ್ಲಿ ಕಲಸಿದ ಅಡಿಗೆ ಸೋಡಾ ಸಾಕು, ಆಲ್ಕಲೈನ್ ಸೆಲ್ಲಿನದ್ದು ಕ್ಷಾರ, ಅದಕ್ಕೆ ವಿನೆಗರ್ ಅಥವಾ ಲಿಂಬೆರಸ. ಹತ್ತಿಯಲ್ಲಿ ಅದ್ದಿ ಒರೆಸಿ, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒಣಗಿಸಿ. ಬಟನ್ ಗಟ್ಟಿ ಒತ್ತಿದರೆ ಮಾತ್ರ ಕೇಳುವ ಸ್ಥಿತಿಗೂ ಅದೇ ಆಲ್ಕೊಹಾಲ್: ರಿಮೋಟ್ ಬಿಚ್ಚಿ ರಬ್ಬರ್ ಹಾಳೆಯ ಕೆಳಗಿನ ಕಪ್ಪು ಬಿಂದುಗಳನ್ನೂ ಬೋರ್ಡನ್ನೂ ಹಗುರವಾಗಿ ಒರೆಸಿ. ಕಪ್ಪು ಬಿಂದುಗಳನ್ನು ಉಜ್ಜಿದರೆ ಕಾರ್ಬನ್ನೇ ಕಿತ್ತುಬರುತ್ತದೆ.

ಹಳೆಯ ನಾಲ್ಕು ರಿಮೋಟ್‌ಗಳ ಸೆಲ್ ತೆಗೆದು, ಯಾವುದು ಯಾವುದರದ್ದೆಂದು ಚೀಟಿ ಅಂಟಿಸಿ, ಒಣಗಿದ ಡಬ್ಬಿಯಲ್ಲಿ ಮುಚ್ಚಿಡಿ. ಲರ್ನಿಂಗ್ ರಿಮೋಟ್ ನೆಲಕ್ಕೆ ಬಿದ್ದು ಒಡೆದರೆ ಹೊಸದಕ್ಕೆ ಕಲಿಸಬೇಕಾದವು ಅವೇ.